ಪುಟ್ಟಗೌರಮ್ಮನ ಏಡಿ ಗೊಜ್ಜು

ಹಿರಿಯರ ಹಬ್ಬ ಇನ್ನೇನು ಬಂತು ಎನ್ನುವಾಗ ನಮ್ಮ ಅತ್ತೆ ಮಾದಮ್ಮ ಮುದ್ದೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ನನ್ ಮಗನ್ ಎಲೆ ಆಕೋಗಂಟ ನಾನೊಂದ್ ತುತ್ತು ಮುಟ್ಟಾಕಿಲ್ಲ" ಅಂದುಬಿಟ್ಟರು. ಮುಖ ಇದ್ದದ್ದು ಗೋಡೆಯ ಕಡೆಗೆ. ಮಾತು ಮಾತ್ರ ಒಲೆಯ ಮುಂದೆ ಕೂತಿದ್ದ ಹಿರಿಸೊಸೆ ಪುಟ್ಟಗೌರಮ್ಮನಿಗೆ. ಅವಳು ತಿರುಗಿ ನೋಡಲಿಲ್ಲ. ಕಟ್ಟಿಗೆಯನ್ನು ಒಳಕ್ಕೆ ನೂಕಿ ಸಾರು ತಿರುವಿದಳು.

ಪುಟ್ಟಗೌರಮ್ಮ ನನ್ನ ವಾರಗಿತ್ತಿ. ನಾನು ಹೇಮಶ್ರೀ, ನಾಗಮಂಗಲದಿಂದ ಆ ಮನೆಗೆ ಬಂದ ಕಿರಿಸೊಸೆ. ನನ್ನ ಗಂಡ ಚಿಕ್ಕಸ್ವಾಮಿ. ಅವಳ ಗಂಡ ಮಂಚಯ್ಯ ಭಾವ. ಊರು ಪಾಂಡವಪುರದ ಆಚೆ, ನಾಲೆಯ ಬದಿಯಲ್ಲಿ. ಭಾವ ಶ್ರೀರಂಗಪಟ್ಟಣದ ಶಹಾಬುದ್ದೀನ್ ಸಾಬರ ಲಾರಿ ಓಡಿಸುತ್ತಿದ್ದರು. ತೊಂಬತ್ತೆರಡರ ಮಳೆಗಾಲದಲ್ಲಿ ಬೆಲ್ಲ ತುಂಬಿಕೊಂಡು ಉತ್ತರದ ಕಡೆ ಹೋದವರು, ಯಾವುದೋ ಸೇತುವೆಯ ಮೇಲಿಂದ ಲಾರಿ ಸಮೇತ ತುಂಬಿದ ಹೊಳೆಗೆ ಬಿದ್ದರು. ಲಾರಿ ಸಿಕ್ಕಿತು. ಕ್ಲೀನರ್ ಹುಡುಗ ಕಲೀಂನ ಹೆಣ ಸಿಕ್ಕಿತು. ಭಾವ ಸಿಗಲಿಲ್ಲ. ಸಾಬರು ತಾವೇ ಹೋಗಿ ಹೊಳೆಯ ದಂಡೆ ಹಿಡಿದು ಹಳ್ಳಿ ಹಳ್ಳಿಯಲ್ಲೂ ವಿಚಾರಿಸಿಕೊಂಡು ಬಂದು, ನಮ್ಮ ಜಗಲಿಯ ಮೇಲೆ ಕೂತು ಗಳಗಳ ಅತ್ತರು. ಅವರು ತಂದದ್ದು ಒಂದು ಕಾಲಿನ ಚಪ್ಪಲಿ. ಅದು ಭಾವನದೋ ಅಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಮನೆಯ ಹಬ್ಬದೂಟದ ಸಮಾಚಾರ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅನ್ನ, ಮುದ್ದೆ, ಸಾರು ಎಲ್ಲರಿಗೂ ಒಂದೇ. ಎಲೆಯ ಬದಿಗೆ ನೆಂಚಿಕೊಳ್ಳಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಮಾವ ಇದ್ದಾಗ ಅವರಿಗೆ ಹುಚ್ಚೆಳ್ಳು ಚಟ್ನಿ. ಅತ್ತೆಗೆ ಸುಟ್ಟ ಬದನೆಕಾಯಿ ಗೊಜ್ಜು. ನನ್ನ ಗಂಡ ಎನ್ನಿಸಿಕೊಂಡವನಿಗೆ ಬೋಟಿ, ಅದೂ ಕರುಕಲಾಗುವ ಹಾಗೆ ಹುರಿದಿರಬೇಕು. ನಾನು ಬಂದ ವರ್ಷ ನುಗ್ಗೆಸೊಪ್ಪಿನ ಪಲ್ಯ ಕೇಳಿದ್ದಕ್ಕೆ ಪುಟ್ಟಗೌರಕ್ಕ, "ನಾಗಮಂಗ್ಲದೋರು ಮೇಕೆ ಜೊತೆ ಪಂಕ್ತೀಲಿ ಕೂರ್ತೀರೇನೇ?" ಅಂತ ರೇಗಿಸಿದಳು. ಆಮೇಲೆ ತಾನೇ ದೋಟಿ ಹಿಡಿದು ಸೊಪ್ಪು ಕಿತ್ತು ಮಾಡಿಯೂ ಹಾಕಿದಳು. ಬದುಕಿರುವಾಗ ಎಲೆಯ ಬದಿಗೆ ಏನು ಬೀಳುತ್ತಿತ್ತೋ ಸತ್ತ ಮೇಲೂ ಅದೇ ಬೀಳಬೇಕು. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಅದೊಂದು ಇಲ್ಲದಿದ್ದರೆ ಹಿರೀಕರು ಎಲೆಯ ಮುಂದೆ ಕೂರುವುದೇ ಇಲ್ಲ ಎನ್ನುವುದು ಅತ್ತೆಯ ನಂಬಿಕೆ.

ಮಂಚಯ್ಯ ಭಾವನದು ಏಡಿ ಗೊಜ್ಜು. ಪುಟ್ಟಗೌರಕ್ಕ ಸಂತೆಬಾಚಹಳ್ಳಿ ಕಡೆಯ ಒಣಸೀಮೆಯವಳು, ಮದುವೆಯಾಗಿ ಬರುವ ತನಕ ಏಡಿಯ ಮುಖ ಕಂಡವಳಲ್ಲ. ಅತ್ತೆಯೇ ಅವಳನ್ನು ಗದ್ದೆ ಬದುವಿನ ಮೇಲೆ ಕೂರಿಸಿ, ಬಿಲಕ್ಕೆ ಕೈ ಹಾಕುವುದು, ಕಚ್ಚುವ ಕೊಂಬು ಮುರಿಯುವುದು, ಸಣ್ಣ ಕಾಲುಗಳನ್ನು ಒರಳಲ್ಲಿ ಕುಟ್ಟಿ ರಸ ಹಿಂಡುವುದು ಎಲ್ಲವನ್ನೂ ಕಲಿಸಿದ್ದು. ಕಲಿತವಳು ಕಲಿಸಿದವರನ್ನೇ ಮೀರಿಸಿದಳು. ಯಾವ ಹಬ್ಬವಿರಲಿ, ಲಾರಿ ಎಲ್ಲೇ ಇರಲಿ, ಭಾವ ಆ ಗೊಜ್ಜಿಗೆ ಬಂದು ಸೇರುತ್ತಿದ್ದರು. ಅವರು ಹೊಳೆಗೆ ಬಿದ್ದ ಸುದ್ದಿ ಬಂದ ಮೇಲೆ ಅವಳು ಏಡಿ ಮುಟ್ಟಿರಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಇದ್ದದ್ದು ಆ ಮನುಷ್ಯ ಒಬ್ಬರೇ. ಅವರ ಹೆಸರಿಗೆ ಒಂದು ಎಲೆ ಹಾಕಿ ಧೂಪ ಬಿಟ್ಟರೆ ಅವರು ಸತ್ತರೆಂದು ಮನೆಯವರೇ ಒಪ್ಪಿಕೊಂಡ ಹಾಗೆ. ಅಲ್ಲಿಗೆ ಇವಳ ಕುಂಕುಮ, ಬಳೆ, ತಾಳಿ ಎಲ್ಲ ಮುಗಿಯಿತು. ಪ್ರತಿ ವರ್ಷವೂ ಅತ್ತೆ ಕೇಳುತ್ತಿದ್ದರು. ಪ್ರತಿ ವರ್ಷವೂ ಇವಳು, "ಕಲೀಂನ ಅವ್ವ ಕಮರುನ್ನೀಸಾಗೆ ಮಣ್ಣಾಕಾಕೆ ಮಗ ಸಿಕ್ದ. ನಂಗ್ಯಾರು ಸಿಕ್ರು? ಚಪ್ಲಿಗೆ ಎಡೆ ಇಡಾನಾ ಅತ್ತೆ?" ಅನ್ನುತ್ತಿದ್ದಳು. ಅಲ್ಲಿಗೆ ಆ ವರ್ಷದ ಮಾತು ನಿಲ್ಲುತ್ತಿತ್ತು.

ತೊಂಬತ್ತಾರರಲ್ಲಿ ನಿಲ್ಲಲಿಲ್ಲ. ಅತ್ತೆ ಕೆಟ್ಟವರೆಂದು ತಿಳಿಯಬೇಡಿ. ಹೆತ್ತ ಕರುಳು ಅದು. ಕಣ್ಣು ಮುಚ್ಚಿದರೆ ಮಗ ಬಂದು ನಿಲ್ಲುತ್ತಾನಂತೆ. "ಜಗ್ಲಿ ಮ್ಯಾಲೆ ನಿಂತ್ಕತಾನೆ ಕಣೆ, ಒಳಕ್ ಬರಾಕಿಲ್ಲ. ಅವ್ವಾ ಅಸೀತದೆ ಅಂತಾನೆ. ನಾಕ್ ವರ್ಸದಿಂದ ಉಪಾಸ ಕೆಡವೀವಿ ಕಣೆ ಅವ್ನ. ನಾನ್ ಸತ್ತೋದ್ರೆ ಅವ್ನ್ಗೆ ಇಕ್ಕೋರ್ಯಾರು?" ಎಂದು ನನ್ನ ಕೈ ಹಿಡಿದುಕೊಂಡು ಕೇಳಿದರು.

ಹಬ್ಬದ ಬೆಳಗಿನ ಹೊತ್ತಿಗೆ ಅತ್ತೆಯ ದನಿ ಉಡುಗಿ ಹೋಗಿತ್ತು. ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ. ಕಣ್ಣು ಗುಳಿಬಿದ್ದು, ಎತ್ತಿ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದರು. ಚಿಕ್ಕಸ್ವಾಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತಿಗೆಯ ಮೇಲೆ ಕೂಗಾಡಿದ. "ಅವ್ವ ಓಯ್ತು ಅಂದ್ರೆ ನಿನ್ನಿಂದ್ಲೇ ಓಯ್ತು ಅಂತೀನಿ ಕಣತ್ಗೆ! ಬರೋನಾಗಿದ್ರೆ ಇಷ್ಟೊತ್ಗೆ ಬರ್ತಿರ್ಲಿಲ್ವಾ? ಸತ್ತೋಗವ್ನೆ ನಮ್ಮಣ್ಣ. ಸತ್ತೋಗವ್ನೆ!"

ಗಂಡನಿಗೆ ಬಹುವಚನ ಕೊಡಬೇಕಲ್ಲವೇನಮ್ಮಾ ಎಂದು ಕೇಳಬೇಡಿ. ಆ ದಿನದ ಕಥೆ ಹೇಳುವಾಗ ನನ್ನ ಬಾಯಿಗೆ ಬಹುವಚನ ಬರುವುದಿಲ್ಲ. ನನಗೆ ಮೈಯೆಲ್ಲ ಉರಿದು ಹೋಯಿತು. "ಬಾಯ್ ಮುಚ್ಕಂಡ್ ಈಚೆಗ್ ಓಗು. ಅಬ್ಬದ್ ದಿನ ಏನ್ ಮಾತದು?" ಎಂದು ಅವನನ್ನು ತಳ್ಳಿದೆ. ಹಿಂದೆ ತಿರುಗಿದರೆ ಪುಟ್ಟಗೌರಕ್ಕ ಎದ್ದು ನಿಂತಿದ್ದಳು. "ಆಯ್ತು ಬುಡಿ. ಮಾಡ್ತೀನಿ" ಅಂದಳು. ಕುಕ್ಕೆ ತಗೊಂಡು ಗದ್ದೆಯ ಕಡೆ ನಡೆದೇಬಿಟ್ಟಳು.

ನಾನೂ ಹಿಂದೆಯೇ ಓಡಿದೆ. ನಾಲೆಯಲ್ಲಿ ನೀರು ಬಿಟ್ಟಿದ್ದರು, ಗದ್ದೆ ತುಂಬಿತ್ತು. ಅವಳು ಸೀರೆ ಎತ್ತಿ ಕಟ್ಟಿ ಬದುವಿನ ಪಕ್ಕ ಕೆಸರಲ್ಲಿ ಮಂಡಿಯೂರಿ ಬಿಲಕ್ಕೆ ಮೊಳಕೈ ತನಕ ತೋಳು ಇಳಿಸಿದಳು.

"ಅಕ್ಕಾ, ನಿಜ್ವಾಗ್ಲೂ ಎಡೆ ಇಡ್ತೀಯಾ?"

"ಕುಕ್ಕೆ ಇಡ್ಕಳೆ ಇಲ್ಲಿ."

"ನೀನ್ ಒಲ್ಲೆ ಅಂದ್ರೆ ನಾನ್ ನಿನ್ ಕಡೆ ನಿಂತ್ಕತೀನಿ ಕಣಕ್ಕ. ನನ್ ಗಂಡ ಏನ್ ಮಾಡ್ಕತಾನೆ ನೋಡಾನ."

"ಮುದ್ಕಿ ಸತ್ತೋದ್ರೆ?" ಎಂದಳು. ಬಿಲದೊಳಗೆ ಏಡಿ ಕಚ್ಚಿರಬೇಕು, ತುಟಿ ಬಿಗಿಹಿಡಿದು ಅದನ್ನು ಹಾಗೇ ಎಳೆದು ಕುಕ್ಕೆಗೆ ಕೊಡವಿದಳು. ಬೆರಳಿಂದ ರಕ್ತ ಬರುತ್ತಿತ್ತು. "ನನ್ ಕೈಲಿ ಅತ್ತೇನೂ ಕಳ್ಕಳಾಕೆ ಆಗಾಕಿಲ್ಲ ಹೇಮಾ. ತವರ್ನಾಗೆ ನಂಗ್ ಅವ್ವ ಇರ್ಲಿಲ್ಲ. ಇಲ್ಲಿಗ್ ಬಂದ್ಮೇಲೆ ಅವ್ವ ಅಂದ್ರೆ ಇದೇ ಮುದ್ಕಿ." ಮತ್ತೆ ಬಿಲಕ್ಕೆ ಕೈ ಹಾಕಿದಳು. ಕುಕ್ಕೆ ತುಂಬಿತು.

ಮನೆಗೆ ಬಂದರೆ ಅಂಗಳದಲ್ಲಿ ಮೂಲೆಮನೆಯ ಸೋಮಮ್ಮ ಕಾಲು ಚಾಚಿಕೊಂಡು ಕೂತಿದ್ದಳು. ಊರಲ್ಲಿ ಯಾರ ಗಂಡ ಸತ್ತರೂ ಬಳೆ ತೆಗೆಯುವುದಕ್ಕೆ ಅವಳನ್ನೇ ಕರೆಯುವುದು. ಚಿಕ್ಕಸ್ವಾಮಿ ಹೇಳಿಕಳಿಸಿದ್ದನಂತೆ. ಧೂಪ ಆದಮೇಲೆ ಆ ಕೆಲಸವೂ ಮುಗಿದುಹೋಗಲಿ ಎಂದು. ಸೋಮಮ್ಮ ಪಾಪ ತಲೆ ತಗ್ಗಿಸಿಕೊಂಡು, "ನಾನಾಗ್ ಬಂದಿದ್ದಲ್ಲ ಕಣ್ ಮಗ" ಎಂದಳು. ಪುಟ್ಟಗೌರಕ್ಕ, "ಕೂತ್ಕಳಿ, ಉಂಡ್ಕಂಡ್ ಓಗೀರಂತೆ" ಎಂದು ಒಳಗೆ ಹೋದಳು. ಅವಳ ಕೈಯ ಹಸಿರು ಬಳೆಗಳ ಕಡೆ ನನಗೆ ನೋಡಲಾಗಲಿಲ್ಲ.

ಎಡೆಯ ಅಡಿಗೆ ಮೀಸಲಿನ ಅಡಿಗೆ. ಬೇಯಿಸುವವರು ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈ ಅಂದಾಜು. ಹಿರಿಯರ ಎಲೆಗೆ ಬೀಳುವ ಮೊದಲು ಯಾರ ನಾಲಿಗೆಗಾದರೂ ತಾಕಿತೋ, ಮುಗಿಯಿತು, ಅದು ಎಂಜಲು. ನಾನು ಹೊಸದರಲ್ಲಿ ಗೊತ್ತಿಲ್ಲದೆ ಒಂದು ಒಡೆ ಮುರಿದು ಬಾಯಿಗೆ ಹಾಕಿಕೊಂಡಿದ್ದಕ್ಕೆ ಅತ್ತೆ ಇಡೀ ಬಾಂಡಲಿಯ ಒಡೆಯನ್ನು ಎಮ್ಮೆಗೆ ಸುರಿಸಿ, ಮತ್ತೆ ಉದ್ದು ನೆನೆಹಾಕಿಸಿದ್ದರು. ಆವತ್ತು ಎಡೆ ಇಟ್ಟಾಗ ದೀಪ ಹಚ್ಚುವ ಹೊತ್ತಾಗಿತ್ತು.

ಅವಳು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಏಡಿ ಬಿಡಿಸಿದಳು. ಚಿಪ್ಪಿನೊಳಗಿನ ಹಳದಿ ಕೊಬ್ಬನ್ನು ಬೆರಳಲ್ಲಿ ಬಳಿದು ಬಟ್ಟಲಿಗೆ ಇಟ್ಟಳು. ಮೆಣಸು, ಕೊತ್ತಂಬರಿ ಹುರಿದಳು. ನಾನು ಒರಳಲ್ಲಿ ಕಾಲು ಕುಟ್ಟಿ ರಸ ಹಿಂಡಿಕೊಟ್ಟೆ. ಮೂರು ಕಲ್ಲಿನ ಒಲೆಯ ಮೇಲೆ ಮಣ್ಣಿನ ಮಡಕೆಯಲ್ಲಿ ಗೊಜ್ಜು ಗಟ್ಟಿಯಾಗುತ್ತಾ ಬಂತು. ಆ ಘಮ ನಡುಮನೆಗೆ ಹೋಗಿದ್ದೇ ತಡ, ಅತ್ತೆ ಗೋಡೆಯ ಕಡೆಯಿಂದ ಮಗ್ಗುಲಾದರು. "ಮಾಡ್ತಾವ್ಳೆ" ಎಂದರು. ಸಂತೋಷವೋ ಸಂಕಟವೋ ಆ ದನಿಯಲ್ಲಿ ತಿಳಿಯಲಿಲ್ಲ.

ನಡುಮನೆಯಲ್ಲಿ ಕಳಸದ ಮುಂದೆ ಎಲೆಗಳನ್ನು ಸಾಲಾಗಿ ಹಾಕಿದ್ದೆವು. ಮಾವನದು, ಮಾವನ ಅಪ್ಪ ಅವ್ವನದು, ತುದಿಯಲ್ಲಿ ಹೊಸದಾಗಿ ಒಂದು. ಅದರ ಹಿಂದೆ ಚಿಕ್ಕಸ್ವಾಮಿ ಗೆರೆಗೆರೆ ಲುಂಗಿ, ಒಂದು ಕಟ್ಟು ಬೀಡಿ ಇಟ್ಟಿದ್ದ. ಎಲ್ಲ ಎಲೆಗೂ ಎಲ್ಲ ಬಿದ್ದಿತ್ತು. ತುದಿಯ ಎಲೆಯಲ್ಲಿ ನೆಂಚಿಕೊಳ್ಳುವ ಜಾಗ ಮಾತ್ರ ಖಾಲಿ. ಗೊಜ್ಜು ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂರುವುದಷ್ಟೇ ಬಾಕಿ. ಹಿರೀಕರು ಬಂದು ಉಂಡುಹೋಗುವ ತನಕ ಬಾಗಿಲು ತೆರೆಯುವ ಹಾಗಿಲ್ಲ. ಅತ್ತೆಯನ್ನು ಎತ್ತಿ ಗೋಡೆಗೆ ಒರಗಿಸಿದೆವು. ಸೋಮಮ್ಮ ಹೊಸ್ತಿಲ ಆಚೆ ಬಂದು ನಿಂತಳು. ಚಿಕ್ಕಸ್ವಾಮಿ ಕೆಂಡದ ತಟ್ಟೆ ಹಿಡಿದುಕೊಂಡು, "ಬೇಗ್ನೆ ಆಕತ್ಗೆ" ಎಂದ.

ಪುಟ್ಟಗೌರಕ್ಕ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ತುದಿಯ ಎಲೆಯ ಮುಂದೆ ಕೂತಳು. ಸೌಟು ಅದ್ದಿದಳು. ಎಲೆಯ ತನಕ ಸೌಟು ಬಂತು. ಅಲ್ಲಿಯೇ ನಿಂತಿತು.

ಅವಳು ಸೌಟನ್ನು ತಿರುಗಿಸಿ ತನ್ನ ಎಡ ಅಂಗೈಗೆ ಗೊಜ್ಜು ಬಿಟ್ಟುಕೊಂಡು, ಎಲ್ಲರ ಎದುರಿಗೆ ನೆಕ್ಕಿದಳು.

"ಉಪ್ಪು ಸಾಲ್ದು" ಎಂದಳು. ಅದೇ ಸೌಟನ್ನು ಮತ್ತೆ ಮಡಕೆಗೆ ಅದ್ದಿದಳು. ಎಡೆಯ ಪಕ್ಕದಲ್ಲಿದ್ದ ಉಪ್ಪಿನ ಬಟ್ಟಲಿಗೆ ಕೈಹಾಕಿ, ಹಿಡಿ ಉಪ್ಪು ಎತ್ತಿ ಮಡಕೆಗೆ ಸುರಿದು ಗರಗರ ತಿರುವಿದಳು.

"ಅಯ್ಯೋ ಶಿವ್ನೇ!" ಎಂದು ಸೋಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಸ್ವಾಮಿ ಕೆಂಡದ ತಟ್ಟೆಯನ್ನು ನೆಲಕ್ಕೆ ಕುಕ್ಕಿ, "ಎಂಜ್ಲು ಮಾಡ್ಬುಟ್ಟಲ್ಲೇ! ಬೇಕು ಅಂತ್ಲೇ ಮಾಡ್ದೆ ನೀನು!" ಎಂದು ಮುಂದೆ ನುಗ್ಗಿದ. ನಾನು ಅಡ್ಡ ನಿಂತೆ. "ಒಂದ್ ಎಜ್ಜೆ ಮುಂದಿಕ್ಕು, ಆ ಕೆಂಡ ನಿನ್ ತಲೆ ಮ್ಯಾಲೆ ಸುರೀತೀನಿ" ಎಂದೆ. ಸುರಿಯುತ್ತಿದ್ದೆ ಕೂಡ.

ಪುಟ್ಟಗೌರಕ್ಕ ಅವನನ್ನು ನೋಡಲೇ ಇಲ್ಲ. ಅತ್ತೆಯ ಕಡೆ ತಿರುಗಿ ಕೂತಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. "ಊ ಕಣತ್ತೆ, ಬೇಕು ಅಂತ್ಲೇ ಮಾಡ್ದೆ. ಒಡೀರಿ, ಬಯ್ಯಿರಿ, ಮನೆಯಿಂದ ಆಚಿಗ್ ನೂಕಿ. ಸತ್ತೋರ್ಗೆ ಅಂತ ಈ ಗೊಜ್ಜು ಬಡ್ಸಾಕೆ ನನ್ ಕೈ ಬರಾಕಿಲ್ಲ. ನೀವ್ ಕಲ್ಸಿದ್ದು ಉಣ್ಣೋರ್ಗೆ ಮಾಡು ಅಂತ. ನೀವ್ ಉಣ್ಣಿ ಅತ್ತೆ. ಒಂದೇ ಒಂದ್ ತುತ್ತು ಉಣ್ಣಿ."

ಅತ್ತೆ ಅವಳನ್ನೇ ದಿಟ್ಟಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಏಳುವುದಕ್ಕೆ ಹೋದರು. ನಾನು ಹಿಡಿಯಲು ಹೋದರೆ ಕೈ ಕೊಡವಿದರು. ಒಂದೊಂದೇ ಹೆಜ್ಜೆ ಇಟ್ಟುಕೊಂಡು, ಮಾವನ ಎಲೆ ದಾಟಿ, ಅಜ್ಜ ಅಜ್ಜಿಯ ಎಲೆ ದಾಟಿ, ತುದಿಯ ಎಲೆಯ ಹತ್ತಿರ ಬಂದರು. ಹೊಡೆದೇಬಿಡುತ್ತಾರೆ ಎಂದುಕೊಂಡೆ. ಪುಟ್ಟಗೌರಕ್ಕನೂ ಹಾಗೇ ಅಂದುಕೊಂಡಿರಬೇಕು, ತಲೆ ಬಗ್ಗಿಸಿದಳು. ಅತ್ತೆ ಬೀಡಿ ಕಟ್ಟನ್ನೂ ಲುಂಗಿಯನ್ನೂ ಕಾಲಲ್ಲಿ ಪಕ್ಕಕ್ಕೆ ಸರಿಸಿ, ಮಗನಿಗೆಂದು ಹಾಕಿದ್ದ ಎಲೆಯ ಮುಂದೆ ಚಕ್ಕಲಮಕ್ಕಲ ಹಾಕಿ ತಾವೇ ಕೂತುಬಿಟ್ಟರು.

"ಆಕು" ಎಂದರು.

"ಅವ್ವಾ, ದೂಪ ಆಗಿಲ್ಲ! ಅಪ್ಪಂದು ಇನ್ನೂ..." ಎಂದ ಚಿಕ್ಕಸ್ವಾಮಿ.

"ನಿಮ್ಮಪ್ಪಂಗೆ ನಾನೇಳ್ಕತೀನಿ. ಸುಮ್ಕಿರ್ಲಾ."

ಪುಟ್ಟಗೌರಕ್ಕ ಗೊಜ್ಜು ಬಡಿಸಿದಳು. ಅತ್ತೆ ಮುದ್ದೆ ಮುರಿದು ಅದರಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡರು. ಒಣಗಿದ ಗಂಟಲಲ್ಲಿ ಅದು ಇಳಿಯಲಿಲ್ಲ, ಕೆಮ್ಮಿದರು. ನಾನು ನೀರು ಕೊಟ್ಟೆ. ಇನ್ನೊಂದು ತುತ್ತು ತಿಂದರು. ಏಡಿಯ ಕೊಂಬನ್ನು ಹಲ್ಲಿಲ್ಲದ ವಸಡಿನಲ್ಲಿ ಕಚ್ಚಿ ಚೀಪಿದರು. ಅಳುತ್ತಿದ್ದರು, ಉಣ್ಣುತ್ತಿದ್ದರು. ಆಮೇಲೆ ಕೈ ನಿಲ್ಲಿಸಿ, ತಲೆ ಎತ್ತಿ, ಸೊಸೆಯನ್ನು ಗದರಿದರು.

"ಉಪ್ಪು ಜಾಸ್ತಿ ಮಾಡ್ಬುಟ್ಟಿದ್ದೀಯಲ್ಲೇ. ಅವ್ನು ಬಂದಾಗ ಇಂಗ್ ಮಾಡ್ಬ್ಯಾಡ."