ಗುಡಿ ಮೊದಲೋ, ಬಾರ್ ಮೊದಲೋ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ದಿಂಡಿಗಲ್ ಜಿಲ್ಲೆಯಲ್ಲಿ ಅಬಕಾರಿ ಅಧಿಕಾರಿಯಾಗಿದ್ದೆ. ಆಗ ಬರೆದ ಒಂದು ಪುಟದ ವರದಿ ಇವತ್ತಿಗೂ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಕೊಡೈಕಾನಲ್‌ನ ಹೋಟೆಲೊಂದರಲ್ಲಿ ಬ್ರಿಟಿಷರ ಕಾಲದ ಬಾರ್ ಇತ್ತು. ತೇಗದ ಕೌಂಟರ್, ಹಿತ್ತಾಳೆ ಕಂಬಿ, ಹನ್ನೊಂದು ಜನ ಕೆಲಸದವರು. ಮಾಲೀಕ ಬೊಮ್ಮಯ್ಯ, ಕೊಂಬೈ ಎಂಬ ಊರಿನವರು. ಮನೆಯಲ್ಲಿ ನನ್ನ ಹಾಗೇ ಕನ್ನಡ ಆಡುವವರು, ಹಿಂದೆಂದೋ ತಮಿಳುನಾಡಿಗೆ ವಲಸೆ ಬಂದ ನಮ್ಮ ಕುಲದವರೇ. ಪಕ್ಕದಲ್ಲೇ ಗುಡಿ ಇದೆ, ಲೈಸೆನ್ಸ್ ನವೀಕರಿಸಬಾರದು ಎಂದು ದೂರು ಬಂತು. ಆ ಗುಡಿಯೂ ನಮ್ಮವರದೇ. ಟೇಪ್ ಹಿಡಿದು ಹೋದೆ. ಬಾಗಿಲಿಂದ ಬಾಗಿಲಿಗೆ ಹತ್ತೊಂಬತ್ತು ಮೀಟರ್, ತೀರಾ ಹತ್ತಿರ. ಆದರೆ ಇಂಥ ಹಳೆಯ ಬಾರುಗಳನ್ನು ಉಳಿಸುವ ಮಾತೊಂದು ನಿಯಮದಲ್ಲೇ ಇದೆ: ಬಾರ್ ಮೊದಲು ಬಂದು ಗುಡಿ ಆಮೇಲೆ ಎದ್ದಿದ್ದರೆ ಅಂತರ ಅಡ್ಡಿಯಾಗದು.

"ಗುಡಿ ಎಷ್ಟು ವರ್ಷದ್ದಣ್ಣಾ?" ಎಂದು ಕೇಳಿದೆ.

ಬೊಮ್ಮಯ್ಯ ಎದೆಯುಬ್ಬಿಸಿದರು. "ಏನ್ ತಮ್ಮಾ, ನಿಂಗೆ ಗೊತ್ತಿಲ್ವಾ? ನಮ್ಮೋರು ಸಾಮೀನ ಪೆಟ್ಟಿಗೇಲಿ ಹೊತ್ಕೊಂಡು ಈ ಕಡೆ ಬಂದು ನಾನೂರು ವರ್ಷ ಆಗ್ಲಿಲ್ವಾ? ಬರ್ಕೋ, ನಾನೂರು!"

ನಮ್ಮವರ ರೀತಿಯೇ ಹಾಗೆ. ದೇವರ ಪೆಟ್ಟಿಗೆ ಹಿರಿಯರ ಮನೆಯಿಂದ ಮನೆಗೆ ಹೋಗುತ್ತದೆ. ಇಳಿದಲ್ಲಿ ಗುಡಿ ಕಟ್ಟುತ್ತಾರೆ; ಗುಡಿಯ ವಯಸ್ಸು ಕೇಳಿದರೆ ಪೆಟ್ಟಿಗೆಯ ವಯಸ್ಸು ಹೇಳುತ್ತಾರೆ. ಈ ಗುಡಿ ಕಟ್ಟಿ ಒಂಬತ್ತೇ ವರ್ಷ ಎಂದು ನನಗೆ ಗೊತ್ತಿತ್ತು. ಪ್ರತಿಷ್ಠೆಯ ಊಟ ಉಂಡವನು ನಾನು! "ಪೆಟ್ಟಿಗೆ ಇಲ್ಲಿಗೆ ಯಾವಾಗ ಬಂತು?" ಎಂಬ ಪ್ರಶ್ನೆ ನಾಲಿಗೆ ತುದಿಯಲ್ಲೇ ಇತ್ತು. ಆದರೆ ದೂರು ಕೊಟ್ಟವನು ಪಕ್ಕದಲ್ಲಿ ನಿಂತು, ನಾವಿಬ್ಬರೂ ಒಂದೇ ಭಾಷೆ ಆಡುವುದನ್ನು ದುರುಗುಟ್ಟಿ ನೋಡುತ್ತಿದ್ದ. ತಮ್ಮವನನ್ನು ಉಳಿಸಿಕೊಂಡ ಅಂದುಬಿಟ್ಟರೆ? ಹೆದರಿದೆ. ನಾನೂರು ಎಂದೇ ತಮಿಳಲ್ಲಿ ಬರೆದು, ಓದಿ ಹೇಳಿ, ಸಹಿ ತಗೊಂಡೆ. ಬೊಮ್ಮಯ್ಯ ಖುಷಿಯಾಗಿಯೇ ಹಾಕಿದರು.

ಲೈಸೆನ್ಸ್ ಹೋಯಿತು. ಒಂಬತ್ತೇ ವರ್ಷ ಸಾರ್ ಎಂದು ಅಪೀಲಿನಲ್ಲಿ ಗೋಗರೆದರಂತೆ. ಅವರದೇ ಸಹಿ ಅವರಿಗೆ ಅಡ್ಡ ಬಂತು. ಕೌಂಟರ್ ಬಿಚ್ಚಿಸಿದ ದಿನ ನನಗೆ ಫೋನ್ ಮಾಡಿದರು.

"ಕಾನೂನು ನಂಗೆ ತಿಳೀದು ತಮ್ಮಾ. ನಿಂಗೆ ಕಾನೂನೂ ಗೊತ್ತಿತ್ತು, ನಮ್ಮ ಪೆಟ್ಟಿಗೇನೂ ಗೊತ್ತಿತ್ತು. ಇನ್ನೊಂದು ಮಾತು ಯಾಕೆ ಕೇಳ್ಲಿಲ್ಲ?"

ಬೇರೆ ಯಾರಾದರೂ ಆಗಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ನಮ್ಮವರು ಅನ್ನುವ ಕಾರಣಕ್ಕೇ ಕೇಳಲಿಲ್ಲ. ಅದನ್ನೇ ನಿಷ್ಪಕ್ಷಪಾತ ಅಂದುಕೊಂಡಿದ್ದೆ. ಅಲ್ಲ. ಆವತ್ತು ನಾನು ನನ್ನ ಪಕ್ಷವನ್ನೇ ವಹಿಸಿದ್ದೆ.