ಆ ವರ್ಷದ ಹೊಂಗೆ ಜೇನು

ನಿಮ್ಮ ಅಜ್ಜ ತೀರಿಹೋದ ಮೇಲೆ ಬಂದ ಯುಗಾದಿಗೆ ಹೊಂಗೆ ಎಂದಿನಂತೆಯೇ ಹೂಬಿಟ್ಟಿತು. ಕಂಪ್ಲಿಯ ಮನೆಯ ಹಿತ್ತಿಲಲ್ಲಿ, ಕಾಲುವೆಯ ಪಕ್ಕಕ್ಕೆ ಸಾಲಾಗಿ ನಿಂತ ಮರಗಳನ್ನು ನೀವು ನೋಡಿದ್ದೀರಿ. ಅವುಗಳ ಕೆಳಗೆ ಅಜ್ಜನ ಜೇನು ಪೆಟ್ಟಿಗೆಗಳಿದ್ದವು. ನಾನು ಹಿತ್ತಿಲ ಬಾಗಿಲ ಒಳಗೆ ಕೂತಿರುತ್ತಿದ್ದೆ. ಯಾರಾದರೂ ಊಟಕ್ಕೆ ಏಳು ಎಂದರೆ ಏಳುತ್ತಿದ್ದೆ. ಹೂವು ಮಂಡಕ್ಕಿ ಚೆಲ್ಲಿದ ಹಾಗೆ ನೆಲದ ಮೇಲೆ ಬೀಳುತ್ತಿತ್ತು. ನೋಡುತ್ತಿದ್ದೆ, ಅಷ್ಟೆ.

ಹೊಂಗೆ ಹೂವಿನ ಕಾಲ ಬಹಳ ಚಿಕ್ಕದು. ಹೂ ಉದುರಿ ಮುಗಿಯುವುದರೊಳಗೆ ಹುಳುಗಳು ಪೆಟ್ಟಿಗೆಯೊಳಗಿನ ಮರದ ಚೌಕಟ್ಟುಗಳಲ್ಲಿ ಜೇನುತುಪ್ಪ ತುಂಬಿ ಮೇಣದಿಂದ ಮುಚ್ಚುತ್ತವೆ. ಆಗಲೇ ತೆಗೆಯಬೇಕು, ತಡವಾದರೆ ಅವೇ ತಿಂದುಕೊಳ್ಳುತ್ತವೆ. ಹಾಗೆಂದು ಎಲ್ಲವನ್ನೂ ತೆಗೆದರೆ ಬಿಸಿಲಿಗೆ ಉಣ್ಣಲು ಏನೂ ಇಲ್ಲದೆ ಪೆಟ್ಟಿಗೆ ಬಿಟ್ಟು ಹೊರಟುಹೋಗುತ್ತವೆ. ಅದಕ್ಕೇ ನಿಮ್ಮ ಅಜ್ಜ ಪ್ರತಿ ಪೆಟ್ಟಿಗೆಯಲ್ಲೂ ತುಂಬಿದ ಎರಡು ಚೌಕಟ್ಟುಗಳನ್ನು ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಅವರ ಅಣ್ಣ, ಅಂದರೆ ನಿಮ್ಮ ದೊಡ್ಡಜ್ಜ, ತುಪ್ಪ ತೆಗೆಯಲೆಂದು ಹೆಂಡತಿಯನ್ನು ಕರೆದುಕೊಂಡು ಹೊಸಪೇಟೆಯಿಂದ ಬಂದರು. ನಿಮ್ಮ ಅಜ್ಜ ತುಪ್ಪ ತೆಗೆಯುವಾಗ ಚೌಕಟ್ಟುಗಳನ್ನು ಗಿರಗಿರ ಸುತ್ತಿಸಿ ತುಪ್ಪ ಇಳಿಸುವ ಯಂತ್ರದ ಹಿಡಿಕೆ ತಿರುಗಿಸಿದ್ದು ಬಿಟ್ಟರೆ ಅವರಿಗೆ ಈ ಕೆಲಸ ಗೊತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಗಂಡನ ಅಣ್ಣನ ಎದುರು ಮಾತಾಡುವ ರೂಢಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅವರೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹೇಳುವುದಿದ್ದರೆ ಅವರ ಹೆಂಡತಿಗೆ, ನಾನು ಅಕ್ಕ ಎನ್ನುವವರಿಗೆ, ಹೇಳಬೇಕು. ಭಾವ ಅಲ್ಲೇ ನಿಂತು ಕೇಳಿಸಿಕೊಂಡರೂ ಅಕ್ಕ ಮತ್ತೊಮ್ಮೆ ಹೇಳಬೇಕು.

ದೊಡ್ಡಜ್ಜ ತಲೆಗೆ ಟವೆಲ್ ಸುತ್ತಿಕೊಂಡು ಮೊದಲ ಪೆಟ್ಟಿಗೆ ತೆರೆದರು.

"ನನ್ನ ತಮ್ಮ ಸಾಕಿದ ಹುಳದ ಕಡೀ ತುಪ್ಪ ಇದು. ಒಂದ್ ಹನಿನೂ ಬಿಡಂಗಿಲ್ಲ."

"ಹೋದ ವರ್ಷ ಹುಳಾ ಕಡದು ನಿಮ್ಮ ಮೂಗು ಬದನಿಕಾಯಿ ಆಗಿತ್ತು, ನೆನಪೈತಿಲ್ಲೋ?" ಎಂದರು ಅಕ್ಕ.

"ಸುಮ್ನ ಹೊಗಿ ಹಾಕಲೇ."

ನಾನು ಒಳಗಿನಿಂದ, "ಅಕ್ಕಾ, ಎರಡೆರಡು ಬಿಡ್ಬೇಕಂತ ಹೇಳ್ರಿ" ಎಂದೆ.

"ಏನಂದಿ? ಬಾಯಿ ಬಿಟ್ಟು ಹೇಳಬೇ" ಎಂದರು ಅಕ್ಕ.

"ಎರಡೆರಡು ಬಿಡ್ಬೇಕು. ಇಲ್ಲಂದ್ರ ಹುಳಾ ಬಿಟ್ಟು ಹೋಗ್ತಾವು."

"ಕೇಳಿದ್ರಿಲ್ಲೋ? ಎರಡೆರಡು ಬಿಡ್ಬೇಕಂತ."

"ಪಾಪ, ಅಕಿಗೆ ಈಗೇನು ತಿಳೀತೈತಿ. ಇರ್ಲಿ ಬಿಡು" ಎಂದರು ದೊಡ್ಡಜ್ಜ.

ಆ ಪೆಟ್ಟಿಗೆಯ ತುಪ್ಪವನ್ನೆಲ್ಲ ತೆಗೆದು ಖಾಲಿ ಚೌಕಟ್ಟುಗಳನ್ನು ವಾಪಸ್ ಇಟ್ಟರು. ಪಾತ್ರೆ ತುಂಬಿತ್ತು. ಇನ್ನೊಂದು ತರಲು ಅಕ್ಕ ಅಡುಗೆಮನೆಗೆ ಹೋದರು. ದೊಡ್ಡಜ್ಜ ಎರಡನೆಯ ಪೆಟ್ಟಿಗೆ ತೆರೆದರು. ಹೇಳಿಸಲು ಯಾರೂ ಇರಲಿಲ್ಲ. ಎದ್ದು ನಿಂತೆ. ಕಾಲು ಜೋಮು ಹಿಡಿದಿತ್ತು. ಸೆರಗು ಎಳೆದುಕೊಂಡು ಬಾಗಿಲು ದಾಟಿದೆ.

"ಭಾವನೋರೇ, ಬ್ಯಾಡ್ರಿ."

ನನ್ನ ದನಿ ಬೇರೆ ಯಾರದೋ ಎನ್ನಿಸಿತು. ಅವರು ಚೌಕಟ್ಟು ಹಿಡಿದುಕೊಂಡೇ ನಿಂತರು. ಕೈಮೇಲೆಲ್ಲ ಹುಳು ಹರಿದಾಡುತ್ತಿದ್ದವು. ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತ ಕೇಳಿದರು.

"ಎಷ್ಟು ಬಿಡ್ಬೇಕವ್ವಾ?"

"ಎರಡು."

ಹಿಡಿದದ್ದನ್ನು ಮೆಲ್ಲಗೆ ಒಳಗಿಟ್ಟರು. ಅಕ್ಕ ಪಾತ್ರೆ ತಂದು ನನ್ನನ್ನೂ ಅವರನ್ನೂ ನೋಡಿ "ಏನಾತು?" ಎಂದರು.

"ಏನಿಲ್ಲ. ಪಾತ್ರಿ ಇಡು."

ಉಳಿದ ಪೆಟ್ಟಿಗೆಗಳಲ್ಲೆಲ್ಲ ಎರಡೆರಡು ಬಿಟ್ಟರು. ಸಂಜೆ ಅಕ್ಕ ನನ್ನ ಅಂಗೈಗೆ ತುಪ್ಪ ಹಾಕಿದರು. ನೆಕ್ಕಿದೆ. ಸಿಹಿ ಎಂದು ಗೊತ್ತಾಯಿತು, ಬೇರೇನೂ ಅನ್ನಿಸಲಿಲ್ಲ.

ಬಿಸಿಲು ಬಲಿತಾಗ ಮೊದಲ ಪೆಟ್ಟಿಗೆಯ ಹುಳುಗಳು ಒಂದು ಬೆಳಿಗ್ಗೆ ಎದ್ದು ಕಾಲುವೆ ದಾಟಿ ಹೋದವು. ಉಳಿದವು ಹೋಗಲಿಲ್ಲ. ಮುಂದೆ ದೊಡ್ಡಜ್ಜ ಒಬ್ಬರೇ ಬಂದಾಗ ಆ ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದರು.

"ಬರೋ ವರ್ಷದಿಂದ ತುಪ್ಪ ನೀನ ತಗಿಯವ್ವಾ. ನಾ ಹಿಡಿಕಿ ತಿರುವ್ತೀನಿ."

"ಆಗ್ಲಿ ರೀ" ಎಂದೆ, ನೇರವಾಗಿ ಅವರಿಗೇ.