ಗಾಡಿ ಕಂಡರೆ ನಿಲ್ಲುವ ಬಸ್ಸು

ಬುಡನ್‌ಸಾಬ್ ಬಸ್ಸು ಓಡಿಸುವುದಿಲ್ಲ, ಮೇಯಿಸುತ್ತಾನೆ ಎಂದು ಚನ್ನಗಿರಿಯ ಪೋಲಿಗಳು ಆಡಿಕೊಳ್ಳುತ್ತಿದ್ದರು. ಸುಳ್ಳೇನೂ ಅಲ್ಲ. ಎದುರಿಗೆ ಎತ್ತಿನ ಗಾಡಿ ಕಂಡಿತೋ, ಬಸ್ಸು ನಿಂತಿತೆಂದೇ ತಿಳಿಯಬೇಕು. ಗಾಡಿಯವನು ಇಳಿದು, ಮೂಗುದಾರ ಹಿಡಿದು, ಎತ್ತುಗಳ ಮುಖವನ್ನು ಹೊಲದ ಕಡೆ ತಿರುಗಿಸಿ, ಕಣ್ಣಿಗೆ ಟವಲ್ಲು ಅಡ್ಡ ಹಿಡಿದು, ಕೈ ಎತ್ತಬೇಕು. ಆಮೇಲೆ ಬುಡನ್‌ಸಾಬ್ ಹೆಣ್ಣು ನೋಡಲು ಬಂದ ಗಂಡಿನಂತೆ ಮೆಲ್ಲಗೆ ದಾಟುತ್ತಿದ್ದ. ಅದು 1938. ಮೋಟಾರಿನ ಸದ್ದಿಗೆ ಮನುಷ್ಯರೇ ಒಗ್ಗಿರಲಿಲ್ಲ, ಎತ್ತುಗಳ ಮಾತೇನು?

ಅವನಪ್ಪ ಜಟಕಾ ಹೊಡೆದವನು. ಬೆದರಿದ ಪ್ರಾಣಿಗೆ ದಾರಿ, ಹಳ್ಳ ಎರಡೂ ಒಂದೇ ಎಂಬುದನ್ನು ಮಗ ಚಡ್ಡಿ ಹಾಕುವ ಮೊದಲೇ ಕಲಿತಿದ್ದ. ಸ್ಟಿಯರಿಂಗು ಬಿಟ್ಟರೆ ಬೇರೆ ಕೆಲಸ ಅವನಿಗೆ ಬರುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬಸ್ಸಿನ ಮಾಲೀಕ ವಿರೂಪಾಕ್ಷಪ್ಪನಿಗೆ ಈ ನಿಧಾನವೆಂದರೆ ಮೈಯುರಿ. ಅದೇ ದಾರಿಯಲ್ಲಿ ಇನ್ನೊಬ್ಬನ ಬಸ್ಸು ಶುರುವಾಗಿ, ಹೊನ್ನಾಳಿ ಸಂತೆಯ ಜನರನ್ನೆಲ್ಲ ಮೊದಲೇ ಬಾಚಿಕೊಳ್ಳುತ್ತಿತ್ತು. ಒಂದು ಸಂತೆಯ ದಿನ ಬೆಳಿಗ್ಗೆ ಅವನು ಜಮಾಲ್ ಎಂಬ ಹೊಸ ಡ್ರೈವರನ್ನು ಜೊತೆಗೆ ಕರೆದುಕೊಂಡೇ ಬಂದ.

"ಬುಡನ್, ಇವತ್ತು ನೀನು ಹಿಂದೆ ಕೂತ್ಕೊ. ಜಮಾಲ್ ಹೊಡೀಲಿ. ಆ ಬಸ್ಸಿಗಿಂತ ಮೊದ್ಲು ಹೊನ್ನಾಳಿ ಮುಟ್ಟಿದ್ರೆ ನಾಳೆಯಿಂದ ಇವನೇ ಡ್ರೈವರ್ರು."

"ಗಾಡಿ ಬಂದ್ರೆ, ಸಾವ್ಕಾರ್ರೆ?"

"ಹಾರನ್ ಯಾಕೈತೆ? ಪೂಜೆ ಮಾಡಾಕೆ ಇಟ್ಟೀವಾ?" ಎನ್ನುತ್ತ ವಿರೂಪಾಕ್ಷಪ್ಪ ತಾನೂ ಮುಂದಿನ ಸೀಟಿಗೆ ಹತ್ತಿದ.

ಜನರೇನು ಕಡಿಮೆಯೇ? ಸೌತೆಕಾಯಿ ಮೂಟೆಯ ಮೇಲೆ ಕೂತಿದ್ದ ಕಸ್ತೂರಮ್ಮ, "ಹೊಡಿಯಪ್ಪಾ ಜಮಾಲು, ಇವತ್ತಾದ್ರೂ ಗಾಳಿ ಬೀಸ್ಲಿ!" ಎಂದು ಹುರಿದುಂಬಿಸಿದಳು.

ಗಾಳಿ ಬೀಸಿತು. ಧೂಳೂ ಬೀಸಿತು. ಮೊದಲ ಮೂರು ಗಾಡಿಗಳು ಹೇಗೋ ಪಕ್ಕಕ್ಕೆ ಸರಿದವು. ಹಿಂದಿನ ಸೀಟಿನಲ್ಲಿ ಬುಡನ್‌ಸಾಬ್ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಒತ್ತಿ ಸುಸ್ತಾದ.

"ಜಮಾಲ್, ಮುಂದೆ ತಿರುವೈತೆ, ನಿಧಾನ!"

"ನೀನು ನಿದ್ದೆ ಮಾಡು ಚಾಚಾ!"

ತಿರುವಿನಲ್ಲೇ ಹುಲ್ಲಿನ ಗಾಡಿ ಎದುರಾಯಿತು. ಗಾಡಿ ಹೊಡೆಯುತ್ತಿದ್ದ ಓಬಳಪ್ಪ ಇಳಿದು ಮೂಗುದಾರ ಹಿಡಿದಿದ್ದ. ಕೈ ಇನ್ನೂ ಎತ್ತಿರಲಿಲ್ಲ. ಅವನ ಹೆಂಡತಿ ಕರಿಯಕ್ಕ ಹುಲ್ಲಿನ ಮೇಲಿದ್ದಳು. ಜಮಾಲ್ ಹಾರನ್ ಒತ್ತಿದ. ಎತ್ತುಗಳು ಓಬಳಪ್ಪನನ್ನು ಲಂಟಾನ ಪೊದೆಗೆ ಒಗೆದು, ಗಾಡಿಯ ಸಮೇತ ನೇರ ಬಸ್ಸಿನ ಕಡೆಗೇ ನುಗ್ಗಿದವು. ಜಮಾಲ್ ಸ್ಟಿಯರಿಂಗು ತಿರುಗಿಸಿದ. ಮುಂದಿನ ಚಕ್ರ ಚರಂಡಿಗೆ ಇಳಿಯಿತು, ಬಸ್ಸು ಹುಣಸೆಮರಕ್ಕೆ ಒಂದು ಗೇಣು ಬಿಟ್ಟು ನಿಂತಿತು.

ಬುಡನ್‌ಸಾಬ್ ಆಗಲೇ ಜಿಗಿದಿದ್ದ. ಎತ್ತುಗಳ ಮುಂದೆ ಹೋಗದೆ ಪಕ್ಕದಲ್ಲೇ ಓಡಿ, "ಹೋ ನನ್ನಪ್ಪಾ, ಹೋ" ಎನ್ನುತ್ತ ಹಗ್ಗ ಹಿಡಿದ. ಇಪ್ಪತ್ತು ಮಾರು ಎಳೆಸಿಕೊಂಡು ಹೋಗಿ ನಿಲ್ಲಿಸಿದ. ಹುಲ್ಲಿನೊಳಗಿಂದ ಕರಿಯಕ್ಕನ ತಲೆ ಹೊರಬಂತು. ತಲೆಗಿಂತ ಮೊದಲು ಬೈಗುಳ ಬಂತು.

"ಯಾವನಲೇ ಅವನು! ನಿಮ್ಮಪ್ಪನ ರಸ್ತೇನಾ ಇದು?"

ಯಾರೂ ಸಾಯಲಿಲ್ಲ. ಓಬಳಪ್ಪನ ಪಂಚೆ ಮಾತ್ರ ಪೊದೆಯಲ್ಲೇ ಉಳಿಯಿತು. ಎಲ್ಲರೂ ಸೇರಿ ಬಸ್ಸನ್ನು ಚರಂಡಿಯಿಂದ ಎತ್ತಿದರು. ವಿರೂಪಾಕ್ಷಪ್ಪ ಅಂಗಿ ಝಾಡಿಸಿಕೊಂಡು, "ಹತ್ರಿ, ಹತ್ರಿ, ಹೊತ್ತಾಯ್ತು" ಎಂದ. ಒಬ್ಬರೂ ಹತ್ತಲಿಲ್ಲ. ಕಸ್ತೂರಮ್ಮ ರಸ್ತೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

"ಬುಡನ್‌ಸಾಬ್ರು ಹೊಡೆದ್ರೆ ಬರ್ತೀವಿ. ಇಲ್ಲಾಂದ್ರೆ ಬಸ್ಸು ನೀವೇ ಇಟ್ಕೊಳ್ರಿ."

"ಈಗ ತಾನೇ ಹೊಡಿಯಪ್ಪಾ ಅಂದೋಳು ನೀನೇ ಅಲ್ವೇನಮ್ಮ?"

"ಅಂದೆ. ಬುದ್ಧಿ ಇರ್ಲಿಲ್ಲ. ಈಗ ಬಂತು."

"ಇದೇನು ಸತ್ಯಾಗ್ರಹಾನಾ?"

"ಏನಾದ್ರೂ ಅಂದ್ಕೊಳ್ರಿ. ನಾನಂತೂ ಏಳಾಕಿಲ್ಲ."

ಉಳಿದವರೂ ಒಬ್ಬೊಬ್ಬರಾಗಿ ಅವಳ ಪಕ್ಕ ಕೂತರು. ಇನ್ನೊಬ್ಬನ ಬಸ್ಸು ಪೋಂ ಎಂದು ಧೂಳು ಎರಚಿ ಹೋಯಿತು. ಯಾರೂ ಕೈ ಅಡ್ಡ ಹಾಕಲಿಲ್ಲ. ವಿರೂಪಾಕ್ಷಪ್ಪ ಬುಡನ್‌ಸಾಬನ ಕಡೆ ನೋಡಿದ.

"ಹತ್ತಪ್ಪ ಮಾರಾಯ."

"ಇವತ್ತಿಗೋ, ನಾಳೆಗೂನೋ?"

"ನಾಳೆಗೂ. ಯಾವತ್ತಿಗೂ."

"ಗಾಡಿ ಬಂದ್ರೆ ನಿಲ್ಸೋದೇ."

"ಎಷ್ಟು ಗಾಡಿ ಬಂದ್ರೆ ಅಷ್ಟು ಸಲಾನಾ?"

"ಅಷ್ಟು ಸಲಾನೂ. ಜಮಾಲ್ ನನ್ ಪಕ್ಕ ಕೂತ್ಕೊಳ್ಲಿ. ಕೈ ಚೆನ್ನಾಗೈತೆ ಹುಡುಗಂದು. ಕಾಲೊಂದನ್ನ ಹದ ಮಾಡ್ಬೇಕು."

ವಿರೂಪಾಕ್ಷಪ್ಪ ಹೂಂ ಎಂದ. ಬೇರೆ ದಾರಿ ಇರಲಿಲ್ಲ. ದಾರಿಯ ಅಂಚಿನ ತುಂಬ ಜನ ಕೂತಿದ್ದರು.

ಅವತ್ತು ಹೊನ್ನಾಳಿ ಮುಟ್ಟುವಷ್ಟರಲ್ಲಿ ಹನ್ನೊಂದು ಸಲ ನಿಂತರು. ಸಂತೆ ಅರ್ಧ ಕರಗಿತ್ತು. ಬುಡನ್‌ಸಾಬನನ್ನು ಯಾರೂ ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿ ತುಂಬ ಬೈದರು. ಸಂಜೆ ಎರಡೂ ಬಸ್ಸು ನಿಂತಿದ್ದಾಗ ಅವನ ಬಸ್ಸಿಗೇ ಹತ್ತಿದರು.